ಗೋವಿಂದಯ್ಯ ಮೇಷ್ಟರು ತಂದ ಮರಳು

ಬೆಟ್ಟದಪುರದ ಶಾಲೆಗೆ ಇಬ್ಬರೇ ಮೇಷ್ಟರು. ದೊಡ್ಡವರು ಗೋವಿಂದಯ್ಯ, ಅವರ ಕೈಕೆಳಗೆ ನಾನು. ಗೋವಿಂದಯ್ಯನವರು ಕೆಟ್ಟವರಲ್ಲ. ಯಾವ ಮಗುವಿಗೆ ಜ್ವರ ಬಂದರೂ ಮನೆಗೇ ಹೋಗಿ ಕಷಾಯ ಕುಡಿಸಿ ಬರುತ್ತಿದ್ದರು. ಆದರೆ ಓದು ಬಾರದ ಮಗುವನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡಬೀರಯ್ಯನ ಮಗಳು ರಾಚಮ್ಮ ಮೂರು ವರ್ಷ ಒಂದನೇ ಕ್ಲಾಸಿನಲ್ಲೇ ಕೂತಳು. ಲೆಕ್ಕವನ್ನು ಬಾಯಲ್ಲೇ ಹೇಳುವಳು, ಪದ್ಯ ಒಮ್ಮೆ ಕೇಳಿದರೆ ಸಾಕು, ಒಪ್ಪಿಸುವಳು. ಪುಸ್ತಕ ಕೊಟ್ಟರೆ ಮಾತ್ರ ಬಾಯಿಗೆ ಬೀಗ. ಇದು ಬರೀ ಹಟ ಎಂದು ಮೇಷ್ಟರ ತೀರ್ಮಾನ. ದಿನಾ ಮೊದಲು ಬಲಗೈಗೆ, ಆಮೇಲೆ ಎಡಗೈಗೆ ಬೆತ್ತ ಬೀಳುತ್ತಿತ್ತು. ನಾನು ಪಕ್ಕದಲ್ಲಿ ಕೂತು ನಗುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಕೊನೆಗೊಂದು ದಿನ ಅವಳಪ್ಪನನ್ನು ಕರೆಸಿ, ಇವಳ ತಲೆಗೆ ಅಕ್ಷರ ಹತ್ತುವುದಿಲ್ಲ, ಕುರಿ ಕಾಯಲು ಕಳಿಸು ಎಂದುಬಿಟ್ಟರು.

ಮೂವತ್ತಾರನೇ ಇಸವಿಯಲ್ಲಿ ಮೇಷ್ಟರನ್ನು ಟ್ರೇನಿಂಗಿಗೆ ಮೈಸೂರಿಗೆ ಕಳಿಸಿದರು. ತಲೆ ನರೆತ ಮೇಲೆ ಹುಡುಗರ ಜೊತೆ ಬೆಂಚಿನ ಮೇಲೆ ಕೂರಬೇಕಲ್ಲ ಎಂದು ಗೊಣಗುತ್ತಲೇ ಹೋದರು. ಓದಲು ತಡವರಿಸುವ ಮಕ್ಕಳಿಗೆ ಕಲಿಸುವ ಬಗೆಯನ್ನೇ ಅಲ್ಲೊಬ್ಬರು ಪಾಠ ಮಾಡುತ್ತಿದ್ದರಂತೆ. ನಿಮ್ಮ ಶಾಲೆಯ ಅಂಥ ಒಂದು ಮಗುವಿನ ವಿಷಯ ಬರೆದು ತನ್ನಿ ಎಂದರು. ನಮ್ಮ ಮೇಷ್ಟರು ರಾಚಮ್ಮನ ದಡ್ಡತನವನ್ನು ನಾಲ್ಕು ಪುಟ ಬರೆದರು. ಪಾಠ ಮಾಡುವವರು ಅದನ್ನು ಓದಿ ಕೇಳಿದ್ದು ಒಂದೇ ಮಾತು: "ಯಾವ ಅಕ್ಷರ ಬರೆಯಲು ಹೋಗಿ ಯಾವ ಅಕ್ಷರ ಬರೆಯುತ್ತಿದ್ದಳು?"

ಮೇಷ್ಟರಿಗೆ ಗೊತ್ತಿರಲಿಲ್ಲ. ಮೂರು ವರ್ಷ ಹೊಡೆದವರು ಒಂದು ದಿನವೂ ಅವಳ ಸ್ಲೇಟನ್ನು ಸರಿಯಾಗಿ ನೋಡಿರಲಿಲ್ಲ. ನಿಮಗೇನಾದರೂ ನೆನಪಿದೆಯೇ ಎಂದು ನನಗೆ ಕಾರ್ಡು ಬರೆದರು. ನನಗೂ ನೆನಪಿರಲಿಲ್ಲ. ನಾಚಿಕೆಯಿಂದ ಉತ್ತರವನ್ನೇ ಬರೆಯಲಿಲ್ಲ.

ಟ್ರೇನಿಂಗ್ ಮುಗಿಸಿ ಬಂದ ಮಾರನೇ ದಿನ ಮೇಷ್ಟರು ಹೆಗಲ ಮೇಲಿನ ವಲ್ಲಿಯಲ್ಲಿ ಹೊಳೆಮರಳು ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ದೊಡ್ಡಬೀರಯ್ಯನ ಮನೆಗೆ ಹೊರಟರು. ಬೆರಳು ಹಿಡಿದು ಮರಳಿನಲ್ಲಿ ಒಂದೊಂದೇ ಅಕ್ಷರ ತಿದ್ದಿಸಿದರೆ ಅಂಥ ಮಕ್ಕಳೂ ಓದುತ್ತಾರಂತೆ. ಅವಳು ಮತ್ತೆ ನಮ್ಮ ಹತ್ತಿರ ಕೂರಲು ಒಪ್ಪುವಳೇ ಎಂಬುದೊಂದೇ ಅವರ ಚಿಂತೆ.

ದೊಡ್ಡಬೀರಯ್ಯ ಚಾಪೆ ಹಾಸಿದ, ಮಜ್ಜಿಗೆ ತರಿಸಿದ. ಮಗಳನ್ನು ಶಾಲೆಗೆ ಕಳಿಸು ಎಂದರೆ ಅವನಿಗೆ ಆಶ್ಚರ್ಯ.

"ನೀವೇ ಏಳಿದ್ರಲ್ಲ ಸ್ವಾಮಿ, ಅವಳ ತಲೆಗೆ ಅಕ್ಸರ ಅತ್ತಕಿಲ್ಲ ಅಂತ. ಅದ್ಕೇ ಬುಡಿಸ್ಬುಟ್ಟೆ. ನೀವು ತಪ್ಪು ಏಳ್ತೀರಾ?"

"ತಪ್ಪೇ ಹೇಳಿದೆ ಬೀರಯ್ಯ. ಅವಳು ದಡ್ಡಿಯಲ್ಲ. ನನಗೇ ಕಲಿಸೋಕೆ ಬರ್ತಿರಲಿಲ್ಲ."

"ದೊಡ್ಡೋರು ಅಂಗೆಲ್ಲ ಅನ್ಬಾರ್ದು ಬುಡಿ," ಎಂದು ಅವನು ನಕ್ಕ. ಆ ನಗುವಿನ ಮುಂದೆ ನಾವಿಬ್ಬರೂ ತಲೆ ಎತ್ತಲಾರದೆ ಕೂತಿದ್ದೆವು. ಅವನು ಒಳಗೆ ಕೂಗಿದ: "ರಾಚೀ, ಬಾ ಇಲ್ಲಿ. ಮೇಷ್ಟ್ರು ಬಂದವ್ರೆ."

ಮೇಷ್ಟರು ಅವಸರದಲ್ಲಿ ವಲ್ಲಿ ಬಿಚ್ಚಿ ಮರಳನ್ನು ನೆಲದ ಮೇಲೆ ಹರಡಿದರು. ಅವರೆಕಾಯಿ ಸುಲಿಯುತ್ತಿದ್ದ ರಾಚಮ್ಮ ಕೈ ಒರೆಸಿಕೊಂಡು ಹೊರಗೆ ಬಂದಳು. ಮರಳನ್ನು ನೋಡಲಿಲ್ಲ. ಯಾರೂ ಏನೂ ಹೇಳುವ ಮೊದಲೇ ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ, ಬಲಗೈ ಚಾಚಿ ನಿಂತಳು.

ಮೇಷ್ಟರ ಕಣ್ಣು ತುಂಬಿತು. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

ರಾಚಮ್ಮ ಕಣ್ಣು ತೆರೆಯದೆ ಎಡಗೈ ಚಾಚಿದಳು.