ಬಿಡಿ ಎಂಬ ಪಾಸ್‌ವರ್ಡ್

ಆಫೀಸಿನ ನನ್ನ ಮೇಜಿನ ಡ್ರಾಯರಿನಲ್ಲಿ, ಸ್ಟೇಪ್ಲರ್ ಮತ್ತು ತಲೆನೋವಿನ ಮಾತ್ರೆಗಳ ಕೆಳಗೆ, ಒಂದು ಲಗ್ನಪತ್ರಿಕೆ ಇದೆ. ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಮೂರು ಮೂಲೆಗಳ ಬಣ್ಣ ಮಾಸಿದೆ, ನಾಲ್ಕನೆಯದು ಮಾತ್ರ ಇನ್ನೂ ಹೊಳೆಯುತ್ತಿದೆ. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ. ವಧುವಿನ ಹೆಸರು, ವರನ ಹೆಸರು, ಮುಹೂರ್ತ, ಕಲ್ಯಾಣ ಮಂಟಪದ ವಿಳಾಸ, ಉಡುಗೊರೆ ಬೇಡವೆಂಬ ಕೋರಿಕೆ, ಎಲ್ಲವೂ ಕ್ರಮವಾಗಿವೆ. ಕೊರತೆ ಒಂದೇ: ಈ ವಧೂವರರು ಎಲ್ಲಿಯೂ ಹುಟ್ಟಿಲ್ಲ. ಹುಟ್ಟದವರ ಮದುವೆಯ ಕರೆಯೋಲೆಯನ್ನು ಮೂರು ವರ್ಷದಿಂದ ಬೀಗ ಹಾಕಿ ಇಟ್ಟುಕೊಂಡಿರುವವಳು ಎಂಥವಳಿರಬಹುದೆಂದು ನಿಮಗೆ ಅನ್ನಿಸಿದರೆ, ಆ ಅನುಮಾನ ನನಗೂ ಆಗಾಗ ಬರುತ್ತದೆ.

ನಾನು ಪಿಯುಸಿಯಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಳು ಕಡಿಮೆ, ಎಣಿಕೆಗಳು ಹೆಚ್ಚು: ವಾರದಲ್ಲಿ ಎಷ್ಟು ಸಲ ಗಾಡಿ ಮೊದಲ ಕಿಕ್ಕಿಗೇ ಎದ್ದಿತು, ಪಕ್ಕದ ಮನೆಯವರು ಎಷ್ಟು ಸಲ ಹೆಪ್ಪಿಗೆ ಮೊಸರು ಕೇಳಿದರು, ಅಮ್ಮ ಎಷ್ಟು ಸಲ ನನ್ನ ಜಾತಕ ತೆಗೆದು ಮತ್ತೆ ಒಳಗಿಟ್ಟರು. ಇದರಿಂದ ಯಾರಿಗೂ ಉಪಕಾರವಾಗಿರಲಿಲ್ಲ, ಅಪಕಾರವೂ ಆಗಿರಲಿಲ್ಲ. ಓದು ಮುಗಿಸಿ ಮೈಸೂರಿನ ಕುವೆಂಪುನಗರದ ಒಂದು ಕಂಪನಿಗೆ ಸೇರಿದೆ. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾವು ನಲವತ್ತೊಂದು ಮಂದಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿದ್ದನ್ನು ಕೇಳಿ ಟೈಪ್ ಮಾಡುತ್ತಿದ್ದೆವು. ಕಂಡರಿಯದ ಊರಿನ, ಕಂಡರಿಯದ ಮನುಷ್ಯರ ಮೊಣಕಾಲು, ಮೂತ್ರಪಿಂಡ, ಮನೋವ್ಯಥೆಗಳೆಲ್ಲ ಶ್ರೀರಾಂಪುರದಿಂದ ಮೊಸರನ್ನದ ಡಬ್ಬಿ ತರುತ್ತಿದ್ದ ನನ್ನ ಕಿವಿಯ ಮೂಲಕ ಹಾದುಹೋಗುತ್ತಿದ್ದವು. ಈ ಗುಟ್ಟುಗಳು ನಮ್ಮ ಮಹಡಿ ಇಳಿಯಕೂಡದೆಂಬುದು ನಮ್ಮ ಕಂಪನಿಗೆ ಕೆಲಸ ಕೊಟ್ಟ ಅಮೆರಿಕದವರ ಷರತ್ತು. ಆದ್ದರಿಂದ ಬಾಗಿಲಿಗೆ, ಕಾರ್ಡು ತೋರಿಸಿದರೆ ಬೀಪ್ ಎಂದು ತೆರೆದುಕೊಳ್ಳುವ ಬೀಗ ಬಂತು. ಬಾಗಿಲ ಹೊರಗೆ ಸಿದ್ದೇಗೌಡರೆಂಬ ಕಾವಲುಗಾರರು ಬಂದರು. ಬೆಂಗಳೂರಿನಿಂದ ಒಬ್ಬರು ಬಂದು ಮಾಹಿತಿ ಸುರಕ್ಷತೆಯ ಬಗ್ಗೆ ಎರಡು ಗಂಟೆ ಪಾಠ ಮಾಡಿ ಹೋದರು. ಪಾಠದ ಕೊನೆಯಲ್ಲಿ ನಮ್ಮ ಮ್ಯಾನೇಜರ್ ಮಹೇಶ್ ಸಾರ್ ನನ್ನತ್ತ ಕೈ ತೋರಿಸಿ, "ಹೆಂಗಿದ್ರೂ ಎಲ್ಲಾ ಬರ್ಕೋತಾಳೆ, ಇದನ್ನೂ ಬರ್ಕೊಳ್ಲಿ" ಎಂದರು. ಹೀಗೆ ನಾನು ಸುರಕ್ಷತಾ ಪ್ರತಿನಿಧಿಯಾದೆ.

ಮೊದಲ ಎರಡು ವಾರಗಳ ಲೆಕ್ಕ ದಿನಚರಿಯಲ್ಲಿ ಹೀಗಿದೆ. ಕೀಬೋರ್ಡಿನ ಅಡಿಯಲ್ಲಿ ಪಾಸ್‌ವರ್ಡಿನ ಚೀಟಿ: ಹದಿನಾಲ್ಕು. ಅದರಲ್ಲಿ ಮಕ್ಕಳ ಹೆಸರು ಒಂಬತ್ತು, ಮನೆದೇವರ ಹೆಸರು ನಾಲ್ಕು. ಉಳಿದ ಒಂದರಲ್ಲಿ ನನ್ನ ಹೆಸರಿತ್ತು. ಅದು ಯಾರ ಕೀಬೋರ್ಡೆಂಬುದನ್ನು ಮಾತ್ರ ನಾನು ಬರೆದುಕೊಳ್ಳಲಿಲ್ಲ. ಹಿಂದೆ ಬರುವವರಿಗಾಗಿ ಬಾಗಿಲು ಹಿಡಿದು ನಿಂತದ್ದು: ನೂರ ಅರವತ್ತಮೂರು ಸಲ. ಹಿಡಿಯದೆ ಹೋದದ್ದು: ಎರಡು ಸಲ. ಆ ಎರಡು ಸಲವೂ, ಹೋದವರು ನಾಲ್ಕು ಹೆಜ್ಜೆ ಇಟ್ಟು, ತಿರುಗಿ ಬಂದು, ಬಾಗಿಲು ತೆರೆದು ತಪ್ಪಾಯಿತೆಂದು ಕೇಳಿಕೊಂಡಿದ್ದರು.

ಇದಕ್ಕೆ ಕನ್ನಡದಲ್ಲಿ ಒಂದು ಭಿತ್ತಿಪತ್ರ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಬರೆಯಲು ಕುಳಿತಾಗ ಗೊತ್ತಾದದ್ದು ಇದು: ಮನೆಗೆ ಬಂದವರನ್ನು ಕರೆಯುವುದಕ್ಕೆ ನಮ್ಮಲ್ಲಿ ಮಾತುಗಳು ಧಾರಾಳವಾಗಿವೆ, ಆದರೆ ಬಾಗಿಲಲ್ಲಿ ತಡೆಯುವುದಕ್ಕೆ ಮರ್ಯಾದೆಯ ಮಾತೊಂದೂ ಇಲ್ಲ. ಹೊರಡುವವರಿಗೂ ನಾವು ಹೋಗಿ ಎನ್ನುವುದಿಲ್ಲ, ಹೋಗಿ ಬನ್ನಿ ಎನ್ನುತ್ತೇವೆ. ಬೆನ್ನು ತಿರುಗಿಸಿದವರನ್ನೂ ಒಮ್ಮೆ ಬರಮಾಡಿಕೊಂಡೇ ಕಳಿಸುವ ಭಾಷೆ ನಮ್ಮದು. ಕೊನೆಗೆ "ಅಪರಿಚಿತರನ್ನು ಒಳಗೆ ಬಿಡಬೇಡಿ" ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲ ಪಕ್ಕ ಅಂಟಿಸಿದೆ. ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದು ಬೀಗಕ್ಕೆ ಇನ್ನೊಂದು ವೈರು ಎಳೆದು, ಅದರ ಮೇಲೆ ಬಿಳಿಯ ಪಟ್ಟಿ ಹೊಡೆದು ಹೋದ. ಪಟ್ಟಿ ನೇರವಾಗಿ ಕೊನೆಯ ಪದದ ನಡುವಿನ ಎರಡಕ್ಷರಗಳ ಮೇಲೆ ಹಾದಿತ್ತು.

"ಇದೇನ್ ಮೇಡಮ್ಮೋರೆ," ಎಂದರು ಸಿದ್ದೇಗೌಡರು, ಬೆರಳಿಟ್ಟು ಓದುತ್ತ. "ಅಪರಿಚಿತರನ್ನು ಒಳಗೆ ಬಿ... ಡಿ. ಬಿಡಿ ಅಂತ ಬರ್ದಿದ್ದೀರಲ್ಲ? ನಂಗೆ ಬುಡಬ್ಯಾಡ ಅಂತ ಯೋಳವ್ರೆ."

"ಬಿಡಬೇಡಿ ಅಂತಾನೇ ಬರ್ದಿದ್ದು ಗೌಡ್ರೇ, ನಡುವೆ ಮುಚ್ಚೋಗಿದೆ. ಸೋಮವಾರ ಬದಲಾಯಿಸ್ತೀನಿ ಬಿಡಿ."

ಸಿದ್ದೇಗೌಡರಿಗೆ ಐವತ್ತೆರಡು ವರ್ಷ. ಊರು ಬಿಟ್ಟು ಬಂದು ಮೈಸೂರಿನಲ್ಲಿ ಹಲವು ಕೆಲಸ ಮಾಡಿದವರು. ಮಗಳಿಗೆ ಗಂಡು ಗೊತ್ತಾಗಿತ್ತು; ಬೀಗರಿಗೆ ತಾನು ಕಂಪನಿಯಲ್ಲಿದ್ದೇನೆಂದು ಹೇಳಿದ್ದರು, ಮತ್ತು ಆ ಮಾತು ನಿಜವಾಗಿರುವುದರ ಬಗ್ಗೆ ಅವರಿಗೆ ಬಹಳ ಸಮಾಧಾನವಿತ್ತು. ಬರುವವರ ಹೆಸರು ಬರೆಸುವ ರಿಜಿಸ್ಟರನ್ನು ಅವರು ಪ್ರತಿ ಬೆಳಿಗ್ಗೆ ಅಂಗೈಯಿಂದ ಒರೆಸಿ ತೆರೆಯುತ್ತಿದ್ದರು.

ಸೋಮವಾರ, ಮೇ ಒಂಬತ್ತು. ಹತ್ತು ಗಂಟೆ ಇಪ್ಪತ್ತೆರಡು ನಿಮಿಷ. ನಾನು ಟೀ ಕುಡಿದು ಮೆಟ್ಟಿಲು ಹತ್ತಿ ಬರುವಾಗ ಬಾಗಿಲಲ್ಲಿ ಒಬ್ಬ ಹಿರಿಯರು ನಿಂತಿದ್ದರು. ಗರಿಗರಿ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಎಡಗೈಯಲ್ಲಿ ಲಗ್ನಪತ್ರಿಕೆಗಳ ಚೀಲ, ಬಲಗೈಯಲ್ಲಿ ಬೆಳ್ಳಿಯ ಕುಂಕುಮದ ಭರಣಿ. ಸಿದ್ದೇಗೌಡರು ಅವರ ಮುಂದೆ ತೋಳು ಅಡ್ಡ ಹಿಡಿದಿದ್ದರು.

"ಯಾರ್ನ ನೋಡ್ಬೇಕು ಯಜಮಾನ್ರೆ? ಈ ಬುಕ್ಕಲ್ಲಿ ಹೆಸ್ರು ಬರ್ದು ಕುಂತ್ಕಳಿ. ಅವರೇ ಆಚ್ಗೆ ಬತ್ತಾರೆ."

"ಮಗಳ ಮದುವೆ ಕಣಪ್ಪ. ಒಬ್ಬರನ್ನ ಕರೆದು ಒಬ್ಬರನ್ನ ಬಿಟ್ಟರೆ ಚೆನ್ನಾಗಿರತ್ತಾ? ಎಲ್ಲರನ್ನೂ ಕರೀಬೇಕು."

ನಾನು ಆಗ ಆಡಿದ ಮಾತು ದಿನಚರಿಯಲ್ಲಿ ಇದ್ದಂತೆಯೇ ಇದೆ: "ಬಿಡಿ ಗೌಡ್ರೇ. ಲಗ್ನಪತ್ರಿಕೆ ಹಿಡ್ಕೊಂಡು ಬಂದೋರನ್ನ ಯಾರಾದ್ರೂ ಬಾಗಿಲಲ್ಲಿ ನಿಲ್ಲಿಸ್ತಾರಾ?"

ಹಾಗೆಂದು ನನ್ನ ಕಾರ್ಡು ತೋರಿಸಿದೆ. ಬೀಪ್. ಸುರಕ್ಷತಾ ಪ್ರತಿನಿಧಿಯಾದ ನಾನು, ನಾನೇ ಬರೆದ ಭಿತ್ತಿಪತ್ರದ ಪಕ್ಕದಲ್ಲಿ, ಬಾಗಿಲು ಹಿಡಿದು ನಿಂತು, "ಬನ್ನಿ" ಎಂದೆ. ಅವರು ನೂರು ವರ್ಷ ಬಾಳಮ್ಮ ಎಂದು ಹರಸಿ ಒಳಗೆ ಹೋದರು.

ಒಳಗೆ ಅವರು ಇದ್ದದ್ದು ಮೂವತ್ತೈದು ನಿಮಿಷ. ಪ್ರತಿಯೊಬ್ಬರೂ ಅವರನ್ನು ಇನ್ನೊಬ್ಬರ ಮಾವನೋ ದೊಡ್ಡಪ್ಪನೋ ಎಂದುಕೊಂಡರು, ಯಾರೆಂದು ಕೇಳಿದರೆ ಏನು ಚೆನ್ನ ಎಂದು ಸುಮ್ಮನಾದರು. ಪತ್ರಿಕೆಯ ಮೇಲೆ ಹೆಸರು ತಪ್ಪಾಗಬಾರದೆಂದು ಅವರು ಕೇಳಿ ಕೇಳಿ ಬರೆದರು. ಮಂಟಪಕ್ಕೆ ವ್ಯಾನು ಕಳಿಸಬೇಕಲ್ಲ ಎಂದು ಮನೆಯ ವಿಳಾಸ, ಫೋನ್ ನಂಬರು ಪಡೆದರು. ಮಹೇಶ್ ಸಾರ್ ಕಾಫಿ ತರಿಸಿದರು. ನನ್ನ ಪಕ್ಕದ ಶೈಲಾ, ಅವರು ಬೀಗರಿಗೆ ಒಂದು ಇ-ಮೇಲ್ ಕಳಿಸಬೇಕಿತ್ತೆಂದು ಅಂದದ್ದೇ ತಡ, ಎದ್ದು ತನ್ನ ಕುರ್ಚಿ ಕೊಟ್ಟಳು. ಹೊರಡುವಾಗ ನಾಲ್ಕೈದು ಮಂದಿ ಬಾಗಿಲವರೆಗೆ ಹೋಗಿ ಹೋಗಿಬನ್ನಿ ಎಂದರು.

ಅವರು ಬಂದು ಹೋದದ್ದು ಏತಕ್ಕೆಂಬುದು ಗುರುವಾರ ತಿಳಿಯಿತು. ಕೆಲಸ ಕೊಟ್ಟವರು ನಮ್ಮನ್ನು ಪರೀಕ್ಷಿಸಲು ಒಂದು ತಪಾಸಣಾ ಸಂಸ್ಥೆಯನ್ನು ಗೊತ್ತುಮಾಡಿದ್ದರು. ಅದರ ವರದಿ ಬಂತು. ಜೊತೆಗೆ ನಮ್ಮ ಪ್ರಿಂಟರಿನ ತಟ್ಟೆಯಿಂದ ಎತ್ತಿಕೊಂಡ, ರೋಗಿಗಳ ವಿವರವಿದ್ದ ನಾಲ್ಕು ಹಾಳೆಗಳಿದ್ದವು, ಮತ್ತು ನಮ್ಮೆಲ್ಲರ ಹೆಸರು ವಿಳಾಸಗಳು ಒಂದೂ ಕಾಗುಣಿತ ತಪ್ಪಿಲ್ಲದೆ ಇದ್ದವು. ವರದಿಯ ಮೊದಲ ಸಾಲು: ಕಾವಲುಗಾರ ಅಪರಿಚಿತನನ್ನು ತಡೆಯಲಿಲ್ಲ. ರಿಜಿಸ್ಟರಿನಲ್ಲಿ ಆ ಹೊತ್ತಿನ ಎದುರು ಏನೂ ಇರಲಿಲ್ಲ. ಸಂಜೆಯೊಳಗೆ ಮಹೇಶ್ ಸಾರ್ ಕಾವಲಿನ ಏಜೆನ್ಸಿಗೆ ಫೋನು ಮಾಡಿದರು. ಶನಿವಾರ ಸಿದ್ದೇಗೌಡರ ಕೊನೆಯ ದಿನವೆಂದು ನಿಶ್ಚಯವಾಯಿತು.

ನಾನು ಹೊರಗೆ ಹೋದೆ. ಅವರು ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದರು.

"ನೀವು ತಡೆದಿದ್ದು ಯಾಕೆ ಹೇಳ್ಲಿಲ್ಲ ಗೌಡ್ರೇ?"

"ಯೋಳಿ ಏನ್ ಮಾಡದು? ನೀವು ಬಿಡಿ ಅಂದ್ರಿ, ನಾ ಬುಟ್ಟೆ. ಬುಟ್ಟೋನು ನಾನೇ ತಾನೆ?" ಸ್ಕೇಲು ಎತ್ತಿ ಗೆರೆ ನೋಡಿದರು. "ನಿಮ್ದೂ ಇನ್ನೂ ಕಾಯಂ ಆಗಿಲ್ವಂತೆ. ಸುಮ್ಕಿರಿ."

ಅದು ನಿಜ. ಜೂನ್ ತಿಂಗಳಲ್ಲಿ ನನ್ನ ಕೆಲಸ ಕಾಯಂ ಆಗಬೇಕಿತ್ತು. ಆ ಸಂಜೆ ದಿನಚರಿಯ ಒಂಬತ್ತನೇ ತಾರೀಖಿನ ಪುಟವನ್ನು ನಾಲ್ಕು ಸಲ ತೆರೆದೆ. ಹರಿಯಬಹುದಿತ್ತು, ಆದರೆ ತಾರೀಖು ಅಚ್ಚಾದ ಪುಸ್ತಕದಲ್ಲಿ ಒಂದು ದಿನ ಇಲ್ಲದಿರುವುದು ಎದ್ದು ಕಾಣುತ್ತದೆ. ನಾನು ಪಾಸ್‌ವರ್ಡುಗಳ ಬಗ್ಗೆ ಯೋಚಿಸುತ್ತ ಕುಳಿತೆ. ಎಂಟಕ್ಷರವಿರಲಿ, ಅಂಕಿ ಸೇರಿರಲಿ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಎಂದೆಲ್ಲ ಪಾಠ ಕೇಳಿದ್ದೆವು. ಆದರೆ ನಮ್ಮ ಊರಿನ ಎಲ್ಲ ಬಾಗಿಲುಗಳನ್ನೂ ತೆರೆಯುವ ಪಾಸ್‌ವರ್ಡು ಎರಡೇ ಅಕ್ಷರದ್ದು, ಅದನ್ನು ಯಾರೂ ಎಂದೂ ಬದಲಾಯಿಸಿಲ್ಲ, ಚೀಟಿಯಲ್ಲಿ ಬರೆದಿಡುವ ಅಗತ್ಯವೂ ಇಲ್ಲ. ಬಿಡಿ, ನಮ್ಮವರೇ. ಬಿಡಿ, ಏನಾಗುತ್ತೆ. ಬಿಡಿ, ನಾನು ನೋಡ್ಕೋತೀನಿ. ಕೊನೆಯದನ್ನು ಹೇಳಿದವರು ಸಾಮಾನ್ಯವಾಗಿ ನೋಡಿಕೊಳ್ಳುವುದಿಲ್ಲ. ಹಾಗೆ ಹೇಳುವವರಿಗೆ ಅದು ಸೌಜನ್ಯ. ಬಾಗಿಲಲ್ಲಿ ನಿಂತವರಿಗೆ ಅದು ಅಪ್ಪಣೆ.

ಶುಕ್ರವಾರ ಬೆಳಿಗ್ಗೆ ದಿನಚರಿಯನ್ನು ಮಹೇಶ್ ಸಾರ್ ಮುಂದಿಟ್ಟೆ. ಅವರು ಒಂಬತ್ತನೇ ತಾರೀಖು ಓದಿದರು: ಹತ್ತು ಇಪ್ಪತ್ತೆರಡು, ಸಿ. ಗೌಡರು ತಡೆದರು, ನಾನು ಬಿಡಿ ಎಂದೆ, ಬಾಗಿಲು ಹಿಡಿದೆ. ಆಮೇಲೆ, ಓದಬಾರದಾಗಿದ್ದ ಏಳನೇ ತಾರೀಖಿಗೂ ಆರನೇ ತಾರೀಖಿಗೂ ಹೋದರು.

"'ಮ. ಸಾರ್ ಪಾಸ್‌ವರ್ಡು, ಫೋನಿನಲ್ಲಿ ಕೂಗಿ ಹೇಳಿದ್ದು, ಮೂರು ಸಲ.' ಇದೇನಮ್ಮಾ ಇದು?"

"ಎಣಿಕೆ ಸಾರ್."

"ಈ ಪುಸ್ತಕ ಎಲ್ಲಿಟ್ಟಿರ್ತೀಯ?"

"ಮೇಜಿನ ಮೇಲೆ ಸಾರ್."

"ಬೀಗ?"

"ಇಲ್ಲ ಸಾರ್."

ಅವರು ದಿನಚರಿ ಮುಚ್ಚಿ ನನ್ನ ಕೈಗೆ ಕೊಟ್ಟರು. ನಂತರ ಏಜೆನ್ಸಿಗೂ ಕೆಲಸ ಕೊಟ್ಟವರಿಗೂ ಒಂದೊಂದು ಪತ್ರ ಹೋಯಿತು: ಕಾವಲುಗಾರರು ತಡೆದಿದ್ದರು, ತೆರೆದವರು ನಮ್ಮ ಸಿಬ್ಬಂದಿ. ಸಿದ್ದೇಗೌಡರು ಉಳಿದರು. ನನ್ನ ಕಾಯಮಾತಿ ಆರು ತಿಂಗಳು ಮುಂದಕ್ಕೆ ಹೋಯಿತು, ಮತ್ತು ನನಗೆ ಬೀಗವಿರುವ ಡ್ರಾಯರು ಸಿಕ್ಕಿತು.

ಪತ್ರಿಕೆಯಲ್ಲಿದ್ದ ಭಾನುವಾರ ಅಮ್ಮ ಬೆಳಿಗ್ಗೆಯೇ ರೇಷ್ಮೆ ಸೀರೆ ತೆಗೆದಿಟ್ಟರು. ಮದುವೆ ಇಲ್ಲವೆಂದು, ಹುಡುಗ ಹುಡುಗಿಯೂ ಇಲ್ಲವೆಂದು, ಬಂದವರು ತಪಾಸಣೆಯವರೆಂದು ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಪಾಪ, ಯಾವ ಕಾರಣಕ್ಕೆ ನಿಂತೋಯ್ತಂತೆ?" ಎಂದರು.

ಶ್ರಾವಣದ ಮೊದಲ ವಾರ ಸಿದ್ದೇಗೌಡರು ಎರಡು ದಿನ ರಜೆ ಹಾಕಿದರು. ಎರಡನೆಯ ದಿನ, ಹನ್ನೊಂದು ಗಂಟೆಗೆ, ಬದಲಿಗೆ ಬಂದಿದ್ದ ಕಾವಲುಗಾರ ನನಗೆ ಫೋನು ಮಾಡಿ ಯಾರೋ ಬಂದಿದ್ದಾರೆಂದ. ಹೋಗಿ ನೋಡಿದರೆ ಗರಿಗರಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಲಗ್ನಪತ್ರಿಕೆಗಳ ಚೀಲ. ಸಮವಸ್ತ್ರವಿಲ್ಲದ ಸಿದ್ದೇಗೌಡರನ್ನು ನಾನು ಅದೇ ಮೊದಲು ನೋಡಿದ್ದು. ರಿಜಿಸ್ಟರಿನಲ್ಲಿ ಹೆಸರು, ಊರು, ಹೊತ್ತು ಬರೆದು ಬೆಂಚಿನ ಮೇಲೆ ಕುಳಿತಿದ್ದರು. ಯಾರನ್ನು ಕಾಣಬೇಕು ಎಂಬಲ್ಲಿ "ಎಲ್ಲಾರ್ನೂ" ಎಂದು ಬರೆದಿದ್ದರು.

ನನ್ನ ಕೈ ಬಾಗಿಲ ಹಿಡಿಯ ಮೇಲಿತ್ತು. ಆ ಎರಡಕ್ಷರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವರು ಅದನ್ನು ಕಂಡರು.

"ಬುಡಬ್ಯಾಡಿ ಮೇಡಮ್ಮೋರೆ. ನಾ ಒಳಕ್ ಬರಾಕಿಲ್ಲ. ನೀವೇ ಒಬ್ಬೊಬ್ರಾಗಿ ಆಚ್ಗೆ ಬನ್ನಿ."

ಹಾಗಾಗಿ ಅಂದು ನಮ್ಮ ಮಹಡಿಯಲ್ಲಿ ಹೆಡ್‌ಫೋನ್ ಕಳಚಿಟ್ಟು ಒಬ್ಬೊಬ್ಬರಾಗಿ ಎದ್ದರು. ಬೀಪ್, ಒಬ್ಬರು ಹೊರಗೆ, ಬಾಗಿಲು ಮುಚ್ಚಿತು, ಬೀಪ್, ಇನ್ನೊಬ್ಬರು. ಮಹೇಶ್ ಸಾರ್ ಹದಿನೇಳನೆಯವರು. ಶೈಲಾ ನನ್ನ ಹಿಂದೆಯೇ ವಾಪಸು ಬರುತ್ತಿದ್ದಾಗ ಬಾಗಿಲನ್ನು ಅವಳ ಮುಖದ ಮುಂದೆ ಮುಚ್ಚಿಕೊಳ್ಳಲು ಬಿಟ್ಟೆ. ಗಾಜಿನ ಆಚೆಯಿಂದ ಅವಳು, "ಎಂಥ ಗೆಳತಿಯೇ ನೀನು ಲೆಕ್ಕದಮ್ಮ!" ಎಂದು ಗದರಿ, ನಗುತ್ತ, ಕುತ್ತಿಗೆಯ ಕಾರ್ಡು ಎತ್ತಿ ತೋರಿಸಿದಳು. ಬೀಪ್. ದಿನಚರಿಯಲ್ಲಿ ಅಂದಿನ ಎಣಿಕೆ: ಹೊರಗೆ ನಲವತ್ತೊಂದು, ಒಳಗೆ ನಲವತ್ತೊಂದು, ಬಾಗಿಲು ಹಿಡಿದದ್ದು ಸೊನ್ನೆ.

ಆ ಪತ್ರಿಕೆಯೂ ನನ್ನ ಡ್ರಾಯರಿನಲ್ಲಿದೆ. ಆ ಮದುವೆಗೆ ಹೋಗಿದ್ದೆವು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ಸಿದ್ದೇಗೌಡರ ಮನೆಯವರು ಅರಿಶಿನವನ್ನು ಬಹಳ ಧಾರಾಳವಾಗಿ ಹಚ್ಚಿದ್ದಾರೆ. ಎರಡು ಪತ್ರಿಕೆಗಳನ್ನೂ ಒಂದರ ಮೇಲೊಂದು ಇಟ್ಟಿದ್ದರಿಂದ, ಕೆಳಗಿನದಕ್ಕೆ, ಆಗದ ಮದುವೆಯದಕ್ಕೆ, ಒಂದು ಮೂಲೆಯಲ್ಲಿ ಆ ಅರಿಶಿನ ಇನ್ನೂ ಹತ್ತುತ್ತಿದೆ.