ಪದಕ ಪಡೆದ ಅಳುಮುಂಜಿ

ಆ ಮೀನುಗಾರರ ಊರಿನಲ್ಲಿ ಕಲ್ಲೆಸೆದರೆ ಯಾವನಾದರೊಬ್ಬ ಅಲೆಕ್ಸಾಂಡರ್ ಸ್ಲೇಟರನಿಗೆ ತಾಗುತ್ತಿತ್ತು. ಅಜ್ಜನ ಹೆಸರೇ ಮೊಮ್ಮಗನಿಗೆ, ಸೋದರಮಾವನ ಹೆಸರೇ ಸೋದರಳಿಯನಿಗೆ. ಹೊಸ ಹೆಸರಿಡಲು ಸ್ಕಾಟ್ಲೆಂಡಿನ ಆ ಕರಾವಳಿಯವರಿಗೆ ಅದೇನು ಜಿಪುಣತನವೋ! ಹಾಗಾಗಿ ಅಡ್ಡಹೆಸರೇ ನಿಜವಾದ ಹೆಸರು. ಎಲ್ಸ್‌ಪೆತ್ ಕಟ್ಟಿಕೊಂಡದ್ದು ‘ಅಳುಮುಂಜಿ’ ಸ್ಲೇಟರನನ್ನು. ಅತ್ತವನು ಅವನಲ್ಲ, ಅವನಜ್ಜ. ಕೂಸಾಗಿದ್ದಾಗ ಇಗರ್ಜಿಯಲ್ಲಿ ದೀಕ್ಷಾಸ್ನಾನದ ತಣ್ಣೀರಿಗೆ ಆತ ಕಿರುಚಿದ್ದಕ್ಕೆ ಮೂರು ತಲೆಮಾರು ಅಳುಮುಂಜಿಗಳಾದರು.

ಮೀನಿಗೆ ಹೋಗುವಾಗ ಗಂಡನ ಕಾಲು ನೆನೆಯದಿರಲೆಂದು ಅವಳು ಅವನನ್ನು ಬೆನ್ನ ಮೇಲೆ ಹೊತ್ತು ದೋಣಿ ಹತ್ತಿಸುತ್ತಿದ್ದಳು. ಅಲ್ಲಿನ ಹೆಂಗಸರೆಲ್ಲ ಮಾಡುವ ಕೆಲಸವೇ ಅದು. ಅಷ್ಟರಲ್ಲಿ ಮಹಾಯುದ್ಧ ಬಂತು, ಊರಿನ ಗಂಡಸರು ಸೈನ್ಯ ಸೇರಿದರು. ಫ್ರಾನ್ಸಿನ ಕೆಸರಿನಲ್ಲಿ ಹೊರಲು ಹೆಂಡತಿಯರೆಲ್ಲಿ? ಅಳುಮುಂಜಿ ಗಾಯಾಳುಗಳನ್ನು ತಾನೇ ಬೆನ್ನ ಮೇಲೆ ಹೊತ್ತು ತಂದ, ಪದಕ ಸಿಕ್ಕಿತು.

“ನನ್ನ ನೋಡೇ ಕಲ್ತಿದ್ದು,” ಎಂದು ಎಲ್ಸ್‌ಪೆತ್ ಮೀನು ಸೀಳುತ್ತ ಬೀಗಿದಳು.

ಪದಕ ಕಂಡು ಮರ್ಯಾದೆ ಕೊಡಲು ಗುಂಡಿಗೇನು ಕಣ್ಣಿದೆಯೇ? ಮರುವರ್ಷ ಮತ್ತೊಬ್ಬನನ್ನು ಹೊತ್ತು ತರುವಾಗಲೇ ಸತ್ತ.

ಯುದ್ಧ ಮುಗಿದು ಊರಿಗೆ ಸ್ಮಾರಕದ ಕಲ್ಲು ಬಂತು. ಹೆಣ ಬಂದಿರಲಿಲ್ಲ, ಅವಳ ಪಾಲಿಗೆ ಗಂಡನ ಗೋರಿಯೆಂದರೆ ಆ ಕಲ್ಲೊಂದೇ. ಅದರ ಮೇಲೆ ಅವನದೇ ಹೆಸರಿರಬೇಕೆಂದು ಹಟ ಹಿಡಿದಳು.

“ಅಳುಮುಂಜಿ ಅಂತ ಕೆತ್ಸೋದಾ? ವೀರ ಕಣಮ್ಮಾ ಅವನು!” ಎಂದರು ಪಟ್ಟಣದಿಂದ ಬಂದಿದ್ದ ಪಾದ್ರಿ ಫಾರ್ಕರ್.

“ಬರೀ ಅಲೆಕ್ಸಾಂಡರ್ ಸ್ಲೇಟರ್ ಅಂದ್ರೆ ಸತ್ತಿದ್ದು ಯಾರು ಅಂತ ಹೆಂಗೆ ಗೊತ್ತಾಗ್ಬೇಕು ಸ್ವಾಮಿ? ಆ ಕುಡುಕ ಪೀಪಾಯಿ ಸ್ಲೇಟರ್ ಇನ್ನೂ ಗುಂಡುಕಲ್ಲಿನ ಹಾಗಿದಾನೆ.”

“ದೇವರಿಗೆ ಗೊತ್ತಾಗುತ್ತೆ.”

“ಕಲ್ಲು ನಿಲ್ಸೋದು ದೇವರು ಓದ್ಲಿ ಅಂತಾನಾ?”

ವಾದದಲ್ಲಿ ಸೋತಾಗ ದೊಡ್ಡವರು ಮಾಡುವುದನ್ನೇ ಪಾದ್ರಿ ಮಾಡಿದರು, ತಮ್ಮಿಷ್ಟದಂತೆ ಅಡ್ಡಹೆಸರು ಬಿಟ್ಟು ಕೆತ್ತಿಸಿದರು.

ಅನಾವರಣದ ದಿನ ಸೈನ್ಯದ ಪರವಾಗಿ ಬಂದಿದ್ದ ಕರ್ನಲ್ ಸಾಹೇಬರು ಮೀಸೆ ತೀಡಿಕೊಂಡು ಸತ್ತವರ ಹೆಸರು ಕೂಗತೊಡಗಿದರು.

“ಅಲೆಕ್ಸಾಂಡರ್ ಸ್ಲೇಟರ್!”

“ಇದೀನಿ ಸಾರ್!”

ಸೈನ್ಯದಿಂದ ಮರಳಿದ್ದ ಅಲೆಕ್ಸಾಂಡರ್ ಸ್ಲೇಟರುಗಳೆಲ್ಲ ಅಭ್ಯಾಸಬಲದಿಂದ ಸೆಟೆದು ನಿಂತು ಒಟ್ಟಿಗೇ ಓಗೊಟ್ಟಿದ್ದರು. ಪೀಪಾಯಿಯಂತೂ ಸಲಾಮನ್ನೂ ಹೊಡೆದ. ಜನ ಗೊಳ್ಳೆಂದು ನಕ್ಕರು. ಸಾವಿನ ಸುದ್ದಿಗಿಂತ ಆ ನಗು ಎಲ್ಸ್‌ಪೆತ್‌ಳನ್ನು ಹೆಚ್ಚು ಇರಿಯಿತು. ಅವಳು ಎಲ್ಲರನ್ನೂ ತಳ್ಳಿಕೊಂಡು ಕಲ್ಲಿನ ಮುಂದೆ ಬಂದು, ನಡುಗಡಲಿನ ದೋಣಿಗೂ ಕೇಳಿಸುವಂತೆ ಕೂಗಿದಳು:

“ಅಳುಮುಂಜೀ!”

ಯಾರೂ ಓಗೊಡಲಿಲ್ಲ.

ಮೊದಲು ಪೀಪಾಯಿ ಟೊಪ್ಪಿ ತೆಗೆದ. ಆಮೇಲೆ ಊರಿಗೆ ಊರೇ ತೆಗೆಯಿತು.