ಈರುಳ್ಳಿಗೆ ಹಾಕಿದ ಕೆಂಪು ಗೀಟು

ಕಳೆದ ವಾರ ಕುಮಟಾದಿಂದ ಬರುವಾಗ ನಮ್ಮ ಯಜಮಾನರು ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿ ಎರಡು ಗೊಂಚಲು ಸಿಹಿ ಈರುಳ್ಳಿ ತಂದರು. ಅಡುಗೆಮನೆಯ ಮೊಳೆಗೆ ತೂಗು ಹಾಕುವಾಗ ಒಂದು ಗಡ್ಡೆ ಕಳಚಿ ಬಿತ್ತು. ಅದನ್ನೇ ಹೆಚ್ಚಿದೆ. ಕಣ್ಣು ಉರಿಸದ, ಹಸಿಯಾದ, ತುಸು ಸಿಹಿಯಾದ ಆ ವಾಸನೆ... ಕೈ ನಿಂತುಬಿಟ್ಟಿತು. ನಮ್ಮ ಮೀನಿನಕ್ಕ ನೆನಪಾದಳು.

ನಾನು ಮದುವೆಯಾಗಿ ಶಿರಾಲಿಗೆ ಬಂದ ಹೊಸತರಿಂದಲೂ ಅವಳು ಮಾವಳ್ಳಿಯಿಂದ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದಳು. ಟೆಂಪೋ ಇಳಿದರೆ ಕೇರಿಯಿಂದ ಕೇರಿಗೆ ನಡಿಗೆ, ಅದೂ ಬರಿಗಾಲಲ್ಲಿ. ನಮ್ಮದು ಅವಳ ಕೊನೆಯ ಮನೆ. ಉಳಿದ ತಾರ್ಲೆಯನ್ನೋ ಬಂಗಡೆಯನ್ನೋ ನಮ್ಮ ಮೆಟ್ಟಿಲ ಮೇಲೆ ಕೂತು ತಾನೇ ಕೊಯ್ದು ಕೊಡುತ್ತಿದ್ದಳು. "ನಮ್ಮ ತಂಗಿ ಇಂಗ್ಲಿಷ್ ಕಲ್ತದ್ದು, ಮೀನು ಕೊಯ್ಯೂದು ಕಲೀಲಿಲ್ಲ" ಎಂದು ನನ್ನನ್ನು ತೋರಿಸಿ ಅತ್ತೆಯವರಿಗೆ ಕೇಳುವಂತೆಯೇ ಹೇಳಿ ನಗುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಚಿಪ್ಪು ಚುಚ್ಚಿ ಅವಳ ಬಲಗಾಲ ಹೆಬ್ಬೆರಳು ಬಾತುಕೊಂಡಿತು. ಆಸ್ಪತ್ರೆಗೆ ಹೋದಾಗ ಶುಗರ್ ಬಹಳ ಇದೆ, ಅದು ಇಳಿಯದೆ ಗಾಯ ಮಾಯುವುದಿಲ್ಲ, ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಎಂದರಂತೆ. ಮಾತ್ರೆಯ ಜೊತೆಗೆ ಊಟದ ಪಥ್ಯದ ಚೀಟಿಯನ್ನೂ ಕೊಟ್ಟಿದ್ದರು. ಅದು ಮೀನು ಬುಟ್ಟಿಯ ನೀರಿಗೆ ನೆಂದು ಮುದ್ದೆಯಾಗಿತ್ತು.

"ಕಾಲೇ ನನ್ನ ಅಂಗಡಿ ತಂಗೀ. ಎಂತ ತಿನ್ಬೇಕು, ಎಂತ ಬಿಡ್ಬೇಕು, ನೀ ಹೇಳು. ನೀ ಓದ್ದವಳು" ಎಂದಳು.

ಮತ್ತೆ ಆಸ್ಪತ್ರೆಗೆ ಹೋಗಿ ಕೇಳಿ ಬಾ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಓದಿದವಳು ಎಂದಳಲ್ಲ... ಹೊನ್ನಾವರದ ಕಾನ್ವೆಂಟಿನಲ್ಲಿ ನಮಗೆ ಅಂದವಾಗಿ ಚಿತ್ರ ಬರೆಯುವುದನ್ನೂ ತಪ್ಪಿದ್ದಲ್ಲಿ ಕೆಂಪು ಗೀಟು ಹಾಕುವುದನ್ನೂ ಚೆನ್ನಾಗಿ ಕಲಿಸಿದ್ದರು. ಅವಳಿಗೆ ಅಕ್ಷರ ಬಾರದು. ಆದ್ದರಿಂದ ಒಂದು ಹಾಳೆಯ ತುಂಬ ಚಿತ್ರ ಬರೆದೆ. ಹಾಗಲಕಾಯಿ, ಮೆಂತ್ಯ, ಬಸಳೆಗೆ ಸರಿ ಗುರುತು. ಬೆಲ್ಲ, ಬಾಳೆಹಣ್ಣು, ಗಜ್ಜರಿ, ಬೀಟ್‌ರೂಟಿಗೆ ಕೆಂಪು ಗೀಟು. ನಾಲಿಗೆಗೆ ಸಿಹಿಯಾದದ್ದೆಲ್ಲ ಸಕ್ಕರೆ ಎಂದು ನಾನು ತಿಳಿದಿದ್ದೆ. ಅದೇ ತಿಳಿವಳಿಕೆಯಲ್ಲಿ ಈರುಳ್ಳಿಗೂ ಗೀಟು ಎಳೆದೆ.

ಅವಳು ಆ ಚಿತ್ರದ ಮೇಲೆ ಬೆರಳಿಟ್ಟಳು. "ಇದೂ ಬೇಡ್ವಾ?"

ಬೆಳಗಿನ ಗಂಜಿಗೆ ಹಸಿ ಈರುಳ್ಳಿ ಕಚ್ಚಿಕೊಳ್ಳುವುದೆಂದರೆ ಅವಳಿಗೆ ಹಬ್ಬ. ನನಗೆ ಅದು ಗೊತ್ತಿತ್ತು. ಆದರೂ, "ಹೆಸರೇ ಸಿಹಿ ಈರುಳ್ಳಿ ಅಲ್ವಾ ಅಕ್ಕಾ" ಎಂದೆ.

"ಆತು. ಬಿಟ್ಟೆ."

ಪಾಪ, ಗಂಜಿಗೆ ನೆಂಜಿಕೊಳ್ಳಲು ಏನಾದರೂ ಬೇಕಲ್ಲ ಎನಿಸಿ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸಿದೆ.

ಅವಳು ಆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎಲೆ-ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಮಾತ್ರೆ ತಪ್ಪಿಸಲಿಲ್ಲ. ದಿನಾ ಹಾಗಲಕಾಯಿ ರಸ ಕುಡಿದಳು. "ಸೊಸೆ ಹೇಳೂದು, ಅತ್ತೆ ಬಾಯಿ ಮೊದ್ಲೇ ಕಹಿ, ಈಗ ಕೇಳೂದೇ ಬೇಡ ಅಂತ" ಎಂದು ನಗಿಸಿದಳು. ಉಪ್ಪಿನಕಾಯಿ ಮುಗಿದಾಗ ಇನ್ನೊಂದು ಬಾಟಲಿ ಕೊಟ್ಟೆ. ಆದರೆ ಬೆರಳಿಗೆ ಸುತ್ತಿದ ಬಟ್ಟೆ ಮಾತ್ರ ಎರಡು ತಿಂಗಳಾದರೂ ಒದ್ದೆಯಾಗಿಯೇ ಇರುತ್ತಿತ್ತು. ಒಂದು ದಿನ ಮೀನಿನ ವಾಸನೆಯ ನಡುವೆ ಬೇರೊಂದು ವಾಸನೆ ಬಂದಂತಾಗಿ, ನಾನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಸಿಸ್ಟರ್ ಹಾಳೆಯನ್ನು ಬಿಡಿಸಿ ನೋಡಿದರು. "ಯಾರು ಬರ್ದದ್ದು? ಚಿತ್ರ ಚೆಂದ ಇದೆ. ಆದ್ರೆ ಇದ್ರಲ್ಲಿ ಅನ್ನ ಎಲ್ಲಿ?"

ನಾನು ಅನ್ನ ಬರೆದಿರಲಿಲ್ಲ. ಅನ್ನವೆಂದರೆ ನಮ್ಮಲ್ಲಿ ಊಟ. ಊಟವನ್ನು ತಿನ್ನಬಹುದಾದದ್ದು, ತಿನ್ನಬಾರದ್ದು ಎಂದು ಯಾರು ಬರೆಯುತ್ತಾರೆ?

"ಗಂಜಿ ಎಷ್ಟು ಉಣ್ತೀರಿ ಅಮ್ಮಾ?"

"ಮೊದ್ಲು ಎರಡು ಬಟ್ಲು. ಈಗ ನಾಲ್ಕು. ಉಪ್ಪಿನಕಾಯಿ ಇದ್ರೆ ಗಂಜಿ ಇಳೂದೇ ಗೊತ್ತಾಗೂದಿಲ್ಲ. ರಾತ್ರಿಗೂ ಅದೇ."

ಸಿಸ್ಟರ್ ಬೈಯಲಿಲ್ಲ. ಈರುಳ್ಳಿ ನಾಲಿಗೆಗಷ್ಟೇ ಸಿಹಿ, ನೀವು ತಿನ್ನುವಷ್ಟರಿಂದ ಏನೂ ಆಗುವುದಿಲ್ಲ, ರಕ್ತದಲ್ಲಿ ಸಕ್ಕರೆ ಏರಿಸುವುದು ಈ ನಾಲ್ಕು ಬಟ್ಟಲು ಅಕ್ಕಿ ಎಂದರು. ಒಂದು ಬಟ್ಟಲು ಗಂಜಿ ಸಾಕು, ಹೊಟ್ಟೆ ತುಂಬಲು ತರಕಾರಿ, ಮೀನು ತಿನ್ನಿ, ಉಪ್ಪಿನಕಾಯಿ ನಾಲಿಗೆಗೆ ತಾಗಿಸುವಷ್ಟೇ ಎಂದರು. ಹಾಗಲಕಾಯಿ ರಸ ಕುಡಿದೆವೆಂದು ಅನ್ನದ ಲೆಕ್ಕ ತಪ್ಪಿಸುವಂತಿಲ್ಲ ಎಂದೂ ಸೇರಿಸಿದರು.

ಹೊರಗೆ ಬೆಂಚಿನ ಮೇಲೆ ಕೂತಾಗ ನಾನು ಮೆಲ್ಲಗೆ, "ನಾಲ್ಕು ಬಟ್ಟಲು ಅಂತ ನನ್ನ ಹತ್ರ ಹೇಳಲೇ ಇಲ್ಲವಲ್ಲ ಅಕ್ಕಾ" ಎಂದೆ.

ಅವಳು ಆಶ್ಚರ್ಯದಿಂದ ನೋಡಿದಳು. "ನೀ ಕೇಳ್ಲಿಲ್ಲಲ ತಂಗೀ. ಈರುಳ್ಳಿ ಬಿಡು ಅಂದಿ, ಬಿಟ್ಟೆ."

ಆ ಮಾತಿನಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು...

ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಕೊನೆಗೆ ಗಾಯವೇನೋ ಮಾಯಿತು. ಆದರೆ ಹೆಬ್ಬೆರಳಿಲ್ಲದ ಕಾಲು ಬುಟ್ಟಿಯ ಭಾರಕ್ಕೆ ತೂಕ ತಪ್ಪುತ್ತಿತ್ತು. ಅವಳ ಮನೆಗಳನ್ನೆಲ್ಲ ಬೇರೆಯವಳು ವಹಿಸಿಕೊಂಡಳು. ಒಮ್ಮೆ ಮಾತ್ರ, ತಲೆಯ ಮೇಲೆ ಏನೂ ಇಲ್ಲದೆ, ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಶುಗರ್ ಇಳಿದಿದೆ ಎಂದಳು. ಕೈಗೆ ಕೆಲಸವಿಲ್ಲದೆ ಏನು ಮಾಡುವುದೆಂದು ತಿಳಿಯದವಳಂತೆ ಸೆರಗಿನ ತುದಿ ತಿರುವುತ್ತಿದ್ದಳು. ನನ್ನದು ತಪ್ಪಾಯಿತು ಎಂದು ಹೇಳಲು ನಾಲ್ಕೈದು ಸಲ ಬಾಯಿ ತೆರೆದೆ. ಪ್ರತಿ ಸಲವೂ ಚಹಾ ಬೇಕಾ ಎಂದು ಕೇಳಿದೆ.

ಅವಳು ಹೋಗಿಬಿಟ್ಟ ಸುದ್ದಿ ಕೆಲವು ವರ್ಷಗಳ ನಂತರ ಆ ಬೇರೆಯವಳ ಬಾಯಿಂದ ತಿಳಿಯಿತು, ಅದೂ ಹದಿನೈದು ದಿನ ತಡವಾಗಿ.

ಈಗಲೂ ಮಾವಳ್ಳಿ ನಮ್ಮಿಂದ ಟೆಂಪೋದಲ್ಲಿ ಕಾಲು ಗಂಟೆಯ ದಾರಿ. ಹನ್ನೊಂದು ವರ್ಷ ಅವಳು ನಮ್ಮ ಮನೆಗೆ ನಡೆದು ಬಂದಳು. ನಾನು ಒಂದೇ ಒಂದು ಬೆಳಿಗ್ಗೆ ಅವಳ ಮನೆಗೆ ಹೋಗಿದ್ದರೆ, ಅವಳು ಉಣ್ಣಲು ಕೂತಿದ್ದನ್ನು ನೋಡುತ್ತಿದ್ದೆ. ಆ ಮನೆ ಎಲ್ಲಿತ್ತು ಎಂಬುದೂ ನನಗೆ ಗೊತ್ತಿಲ್ಲ.